ಓದುಗರ ಪ್ರಶ್ನೆ: ದೋಣಿ ಚಿತ್ರದ ಕೆಳಗರ್ಧ ಯಾಕೆ ಹಾಗಿದೆ?

ಹೋದ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಒಂದು ದೋಣಿ ಚಿತ್ರ ಹಾಕಿದ್ವಿ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1872ರ ಸುಮಾರಿಗೆ ಬರೆದ 'ಅರ್ಜಾಂತೈ ದೋಣಿ ಪಂದ್ಯ'. ನೀಲಿ ನೀರು, ಬಿಳಿ ಹಾಯಿ ಬಿಚ್ಚಿದ ದೋಣಿಗಳು, ಬಲಗಡೆ ದಡದ ಮೇಲೆ ಕೆಂಪು ಮನೆ, ಒಂದಿಷ್ಟು ಹಸಿರು, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಕೆಲವರಿಗೆ ತುಂಬಾ ಇಷ್ಟ ಆಗಿದೆ, ಇನ್ನು ಕೆಲವರು ಸಿಟ್ಟಾಗಿದ್ದಾರೆ. ಸಿಟ್ಟಾದವರ ಪ್ರಶ್ನೆಗಳೇ ಚೆನ್ನಾಗಿವೆ, ಅವರಿಂದಾನೇ ಶುರು ಮಾಡ್ತೀನಿ.

ಪ್ರಶ್ನೆ: ಮೇಲರ್ಧ ಓಕೆ, ದೋಣಿ ಅಂತ ಗೊತ್ತಾಗುತ್ತೆ. ಕೆಳಗಡೆ ಬರೀ ಬಣ್ಣ ಬಳಿದು ಬಿಟ್ಟಿದ್ದಾರೆ, ಒಂದು ಬಿಳಿ ತುಂಡು, ಒಂದು ಕೆಂಪು ತುಂಡು, ಒಂದು ಹಸಿರು ತುಂಡು. ಇದನ್ನ ನಮ್ಮನೆ ಮಗುನೂ ಮಾಡುತ್ತೆ. ಇದರಲ್ಲಿ ಅಂಥಾ ದೊಡ್ಡಸ್ತಿಕೆ ಏನಿದೆ?

ಉತ್ತರ: ಮಗು ಬಣ್ಣ ಬಳಿಯುತ್ತೆ, ನಿಜ. ಯಾವ ತುಂಡು ಎಲ್ಲಿ ಬರ್ಬೇಕು ಅನ್ನೋದು ಮಾತ್ರ ಮಗುಗೆ ಗೊತ್ತಿರಲ್ಲ, ಈ ಚಿತ್ರದ ಕೆಲಸ ಇರೋದೇ ಅಲ್ಲಿ. ಆ ರಕ್ಷಾಪುಟ ಇನ್ನೂ ರದ್ದಿಗೆ ಹೋಗಿಲ್ಲ ಅಂದ್ರೆ ತೆಗೀರಿ, ಒಂದು ಬಿಳಿ ಹಾಯಿ ಮೇಲೆ ಬೆರಳಿಟ್ಟು ನೇರ ಕೆಳಗೆ ಇಳಿಸ್ಕೊಂಡು ಹೋಗಿ, ನೀರಲ್ಲಿ ಬಿಳಿ ತುಂಡುಗಳು ಅದೇ ಸಾಲಲ್ಲಿ ಸಿಗುತ್ವೆ. ಕೆಂಪು ಮನೆಯಿಂದ ಇಳಿಸಿ, ಕೆಳಗೆ ಕೆಂಪು ಕಿತ್ತಳೆ ತುಂಡು. ಹಸಿರಿಂದ ಇಳಿಸಿದ್ರೆ ಹಸಿರು. ಬೇಕಾಬಿಟ್ಟಿ ಬಳಿದಿದ್ದಾಗಿದ್ರೆ ಈ ಲೆಕ್ಕ ಹಿಂಗೆ ಸರಿಹೋಗ್ತಿರ್ಲಿಲ್ಲ.

ಈಗ ತುಂಡು ತುಂಡು ಯಾಕೆ ಅನ್ನೋದು. ನೀರು ಅಲ್ಲಾಡದೆ ನಿಂತಿದ್ರೆ ಅದು ಕನ್ನಡಿ, ದೋಣಿ ತಲೆಕೆಳಗಾಗಿ ಪೂರ್ತಿ ಕಾಣುತ್ತೆ. ಸ್ವಲ್ಪ ಗಾಳಿ ಬಂತು ಅಂದ್ರೆ (ಹಾಯಿದೋಣಿ ಓಡ್ತಿದೆ ಅಂದ್ಮೇಲೆ ಗಾಳಿ ಇದ್ದೇ ಇರುತ್ತೆ ಅಲ್ವಾ) ಆ ಒಂದು ಕನ್ನಡಿ ಸಾವಿರಾರು ಚಿಕ್ಕ ಕನ್ನಡಿ ಆಗುತ್ತೆ, ಪ್ರತಿಯೊಂದೂ ಬೇರೆ ಬೇರೆ ಕಡೆ ವಾಲಿರುತ್ತೆ, ಒಂದು ಅಲೆಯ ಮುಂದಿನ ಇಳಿಜಾರು ಆಕಾಶ ತೋರಿಸುತ್ತೆ, ಪಕ್ಕದ್ದು ಹಾಯಿ ತೋರಿಸುತ್ತೆ, ಅದರ ಪಕ್ಕದ್ದು ಮನೆ ಗೋಡೆ. ಅದಕ್ಕೇ ನೀರಲ್ಲಿ ಕಾಣೋ ಹಾಯಿಯ ನೆರಳು (ಅಂದ್ರೆ ಪ್ರತಿಬಿಂಬ) ಒಂದೇ ಅಖಂಡ ಬಿಳಿ ಆಗಿರಲ್ಲ, ಬಿಳಿ ನೀಲಿ ಬಿಳಿ ನೀಲಿ ಅಂತ ತುಂಡಾಗಿ, ಮೇಲಿರೋದಕ್ಕಿಂತ ಉದ್ದಕ್ಕೆ ಎಳೆದುಕೊಂಡು ನಮ್ಮ ಕಡೆಗೆ ಬರುತ್ತೆ. ದೂರದ ಅಲೆ ಸಣ್ಣದಾಗಿ ಕಾಣುತ್ತೆ, ಹತ್ತಿರದ್ದು ದೊಡ್ಡದಾಗಿ. ಮೊನೆನೂ ಅಷ್ಟೇ, ಕ್ಯಾನ್ವಾಸಿನ ಕೆಳಗೆ ಬರ್ತಾ ಬರ್ತಾ ತುಂಡುಗಳನ್ನ ದಪ್ಪ ಮಾಡಿದ್ದಾನೆ. ನೀರು ನಮ್ಮ ಕಾಲಬುಡದ ತನಕ ಬಂದಂಗೆ ಅನ್ನಿಸೋದು ಅದರಿಂದಾನೇ.

ಇನ್ನೊಂದು ಮಾತು. ಮೇಲರ್ಧ ಓಕೆ ಅಂದ್ರಲ್ಲ, ಒಂದು ಹಾಳೆ ತಗೊಂಡು ಉಳಿದಿದ್ದನ್ನೆಲ್ಲ ಮುಚ್ಚಿ ಆ ಕೆಂಪು ಮನೆ ಒಂದನ್ನೇ ನೋಡಿ. ಕಿಟಕಿ ಇಲ್ಲ ಬಾಗಿಲಿಲ್ಲ ಅನ್ನೋ ಹಾಗಿದೆ, ಅದೂ ನಾಲ್ಕಾರು ತುಂಡು ಬಣ್ಣಾನೇ. ಮನೆ ಅಂದ್ರೆ ಏನು ಅಂತ ನಮಗೆ ಮೊದಲೇ ಗೊತ್ತಿರೋದ್ರಿಂದ ಕಣ್ಣು ಒಪ್ಕೊಂಡು ಬಿಡುತ್ತೆ, ನೆರಳಿಗೆ ಮಾತ್ರ ತಕರಾರು. ಮೊನೆ ಮನೆಗೂ ಮನೆಯ ನೆರಳಿಗೂ ಬ್ರಶ್ಶಲ್ಲಿ ಭೇದ ಮಾಡಿಲ್ಲ. ಅವನ ಪಾಲಿಗೆ ಎರಡೂ ಕಣ್ಣಿಗೆ ಬಂದು ಬಿದ್ದ ಬೆಳಕು, ಒಂದು ಗಟ್ಟಿ ಇನ್ನೊಂದು ಪೊಳ್ಳು ಅನ್ನೋದು ನಮ್ಮ ತಲೆ ಸೇರಿಸೋ ವಿಷಯ. ನನ್ನ ಕೇಳಿದ್ರೆ ಇಂಪ್ರೆಷನಿಸಂ (ಕಣ್ಣಿಗೆ ಬಿದ್ದ ಬೆಳಕನ್ನೇ ಬರೆಯೋ ಮೊನೆ ಮತ್ತವನ ಗೆಳೆಯರ ಚಿತ್ರ ಪಂಥ) ಅನ್ನೋದ್ರ ಅರ್ಧಕ್ಕರ್ಧ ಈ ಒಂದು ಚಿತ್ರದ ಕೆಳಗರ್ಧದಲ್ಲೇ ಇದೆ.

ಪ್ರಶ್ನೆ: ಈ ಇಂಪ್ರೆಷನಿಸ್ಟ್ ಚಿತ್ರಕಾರರೆಲ್ಲ ಯಾಕೆ ಅದೇ ನದಿ, ಅದೇ ದೋಣಿ ಅಂತ ಬಿದ್ದಿದ್ರು? ಬೇರೆ ವಿಷಯ ಸಿಗ್ಲಿಲ್ವಾ?

ಉತ್ತರ: ರೈಲು ಕಾರಣ ಕಣ್ರೀ. ಪ್ಯಾರಿಸ್ಸಿಂದ ಅರ್ಜಾಂತೈಗೆ ಬರೀ ಹತ್ತು ಹನ್ನೊಂದು ಕಿಲೋಮೀಟರು, ಸೇನ್ ನದಿ ದಡದ ಊರು, 1851ರಲ್ಲೇ ರೈಲು ಬಂದಿತ್ತು, ಸಾಂ ಲಜಾರ್ ಸ್ಟೇಷನ್ನಲ್ಲಿ ಹತ್ತಿದ್ರೆ ಕಾಲು ಗಂಟೆ ಚಿಲ್ಲರೆ. ಮೊದಲು ಶ್ರೀಮಂತರಿಗೆ ಮಾತ್ರ ಹಳ್ಳಿ ಕಡೆ ಬಂಗಲೆ, ದೋಣಿ, ವಿಹಾರ ಅಂತ ಇತ್ತು. ರೈಲು ಬಂದ್ಮೇಲೆ ಗುಮಾಸ್ತರು, ಅಂಗಡಿಯವರು, ಹೊಲಿಗೆ ಕೆಲಸದ ಹುಡುಗಿಯರು ಎಲ್ಲ ಭಾನುವಾರ ನದಿಗೆ ಬರೋಕೆ ಶುರು ಮಾಡಿದ್ರು. ಅರ್ಜಾಂತೈ ಹತ್ತಿರ ನದಿ ಅಗಲವಾಗಿದೆ, ಆಳಾನೂ ಇದೆ, ಹಾಯಿದೋಣಿಗೆ ಹೇಳಿ ಮಾಡಿಸಿದ ಜಾಗ, ಪ್ಯಾರಿಸ್ಸಿನ ಹಾಯಿದೋಣಿ ಕ್ಲಬ್ ಅಲ್ಲೇ ಠಿಕಾಣಿ ಹೂಡಿತ್ತು, ಪಂದ್ಯ ಎಲ್ಲ ಅಲ್ಲೇ. (1924ರ ಒಲಿಂಪಿಕ್ಸ್ ರೋಯಿಂಗ್ ನಡೆದಿದ್ದೂ ಅಲ್ಲೇ.)

ಮೊನೆ 1871ರ ಡಿಸೆಂಬರಲ್ಲಿ ಅಲ್ಲಿಗೆ ಮನೆ ಮಾಡ್ಕೊಂಡು ಹೋದ, 1878ರ ಶುರು ತನಕ ಇದ್ದ. ಗೆಳೆಯ ಚಿತ್ರಕಾರ ರೆನ್ವಾ ಬಂದು ಇವನ ಪಕ್ಕದಲ್ಲೇ ನಿಂತು ಅದೇ ದೋಣಿ ಬರೀತಿದ್ದ, ಮಾನೆ ಅನ್ನೋ ಇನ್ನೊಬ್ಬ ಚಿತ್ರಕಾರ (ಮೊನೆ ಅಲ್ಲ) ಬಂದ, ಸಿಸ್ಲಿ ಬಂದ. ಅದಕ್ಕೂ ಮುಂಚೆ 1869ರಲ್ಲೇ ಮೊನೆ ರೆನ್ವಾ ಇಬ್ರೂ ಬೂಜಿವಾಲ್ ಹತ್ತಿರ 'ಲಾ ಗ್ರೆನುಯೇರ್' ಅನ್ನೋ ಈಜು ಮತ್ತೆ ದೋಣಿ ವಿಹಾರದ ಜಾಗದಲ್ಲಿ ಅಕ್ಕಪಕ್ಕ ಈಸೆಲ್ ಹಾಕ್ಕೊಂಡು ನೀರು ಬರೆಯೋದನ್ನ ಕಲ್ತಿದ್ರು. ನೀರಿನ ಈ ತುಂಡು ತುಂಡು ಪದ್ಧತಿ ಗಟ್ಟಿಯಾಗಿದ್ದೇ ಅಲ್ಲಿ ಅಂತ ಹೇಳ್ಬಹುದು.

ಅಂದ್ರೆ ಇವರು ಪುರಾಣ, ಯುದ್ಧ, ರಾಜರು ಬಿಟ್ಟು ದೋಣಿ ಹಿಡಿದಿದ್ದು ವಿಷಯ ಸಿಗದೆ ಅಲ್ಲ. ಆ ಕಾಲಕ್ಕೆ ಭಾನುವಾರದ ದೋಣಿ ಅನ್ನೋದು ಹೊಚ್ಚ ಹೊಸ ವಿಷಯ.

ಪ್ರಶ್ನೆ: ಮೊನೆ ದೋಣಿ ಮೇಲೆ ಕೂತೇ ದೋಣಿ ಚಿತ್ರ ಬರೀತಿದ್ದ ಅಂತ ಓದಿದ್ದೆ. ನಿಜಾನಾ?

ಉತ್ತರ: ನಿಜ. ಒಂದು ದೋಣಿ ತಗೊಂಡು ಮೇಲೆ ಚಿಕ್ಕ ಕ್ಯಾಬಿನ್ ಕಟ್ಟಿಸ್ಕೊಂಡಿದ್ದ. ಐಡಿಯಾ ಅವನದ್ದಲ್ಲ, ಅವನಿಗಿಂತ ಹಿರಿಯ ದೋಬಿನ್ಯಿ ಅನ್ನೋ ಚಿತ್ರಕಾರ 1857ರಲ್ಲೇ ಹಿಂಗೊಂದು ಸ್ಟುಡಿಯೋ ದೋಣಿ ಮಾಡ್ಕೊಂಡು ನದಿ ಸುತ್ತಿದ್ದ. ಮೊನೆ ದೋಣಿಯಲ್ಲಿ ಕೂತು ಬರೀತಿರೋದನ್ನ ಮಾನೆ 1874ರಲ್ಲಿ ಒಂದು ಪೇಂಟಿಂಗ್ ಮಾಡಿದ್ದಾನೆ, ಮ್ಯೂನಿಕ್‌ನ ನೊಯೆ ಪಿನಾಕೊಥೆಕ್ ಮ್ಯೂಸಿಯಂನಲ್ಲಿದೆ. ದೋಣಿ ಮೇಲೆ ಕೂತ್ರೆ ಏನು ಲಾಭ ಅಂದ್ರೆ ಕಣ್ಣು ನೀರಿನ ಮಟ್ಟಕ್ಕೆ ಇಳಿಯುತ್ತೆ. ನೀರನ್ನ ಮೇಲಿಂದ ನೋಡಿದ್ರೆ ಒಳಗಿನ ತಳ, ಪಾಚಿ ಕಾಣುತ್ತೆ, ಓರೆಯಾಗಿ ನೋಡಿದಷ್ಟೂ ಅದು ಹೆಚ್ಚು ಹೆಚ್ಚು ಕನ್ನಡಿ ಆಗುತ್ತೆ. ನೆರಳಿನ ಹುಚ್ಚು ಹಿಡಿದವನಿಗೆ ಇದಕ್ಕಿಂತ ಇನ್ನೇನು ಬೇಕು.

ಹಂಗಂತ ಎಲ್ಲಾನೂ ಹೊರಗೇ ಮುಗಿಸ್ತಿದ್ದ ಅಂತ ನಂಬ್ಕೋಬೇಡಿ. ನನಗೆ ಸ್ಟುಡಿಯೋನೇ ಇಲ್ಲ ಅನ್ನೋ ಅರ್ಥದಲ್ಲಿ 1880ರಲ್ಲಿ ಒಬ್ಬ ಪತ್ರಕರ್ತನ ಹತ್ರ ಹೇಳ್ಕೊಂಡಿದ್ದಾನೆ, ಅದು ಸ್ವಲ್ಪ ಜಂಬ. ಎಷ್ಟೋ ಚಿತ್ರಗಳಿಗೆ ಮನೆ ಒಳಗೆ ಕೂತು ಕೈ ಹಚ್ಚಿದ್ದಾನೆ.

ಪ್ರಶ್ನೆ: ನಾನು ಆಯಿಲ್ ಪೇಂಟಿಂಗ್ ಕಲೀತಾ ಇದೀನಿ. ನದಿ ಬರೆಯೋಕೆ ಹೋದಾಗೆಲ್ಲ ನೀರು ಕೆಸರಾಗಿ ಬಿಡುತ್ತೆ. ಇವರ ನೀರು ಅಷ್ಟು ಹೊಳೆಯೋದು ಹೇಗೆ? ಬಣ್ಣ ಬೇರೆ ಇತ್ತಾ?

ಉತ್ತರ: ಸ್ವಲ್ಪ ಬಣ್ಣ, ಜಾಸ್ತಿ ಕೈ.

ಬಣ್ಣದ್ದು ಮೊದಲು ಹೇಳ್ತೀನಿ. 19ನೇ ಶತಮಾನದಲ್ಲಿ ಕೆಮಿಸ್ಟ್ರಿ ಬೆಳೆದು ಹೊಸ ಹೊಸ ಬಣ್ಣ ಬಂದ್ವು. ಕೋಬಾಲ್ಟ್ ಬ್ಲೂ ಶತಮಾನದ ಶುರುವಲ್ಲಿ, ಕೃತಕ ಅಲ್ಟ್ರಾಮರೀನ್ ನೀಲಿ 1820ರ ದಶಕದಲ್ಲಿ, ವಿರಿಡಿಯನ್ ಹಸಿರಿಗೆ 1859ರಲ್ಲಿ ಪೇಟೆಂಟ್, ಜೊತೆಗೆ ಕ್ರೋಮ್ ಹಳದಿ, ಕ್ರೋಮ್ ಕಿತ್ತಳೆ. 1841ರಲ್ಲಿ ಜಾನ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ತಗಡಿನ ಟ್ಯೂಬಿಗೆ ಪೇಟೆಂಟ್ ತಗೊಂಡ, ಅದಕ್ಕೂ ಮುಂಚೆ ಅರೆದ ಬಣ್ಣನ ಹಂದಿ ಮೂತ್ರಕೋಶದಲ್ಲಿ ಕಟ್ಟಿಡ್ತಿದ್ರು, ತೂತು ಮಾಡಿದ್ರೆ ಒಣಗ್ತಿತ್ತು, ಸಿಡೀತಿತ್ತು. ಅದನ್ನ ಹೊತ್ಕೊಂಡು ದೋಣಿ ಹತ್ತೋರು ಯಾರು? ತಗಡಿನ ಪಟ್ಟಿ ಹಾಕಿದ ಚಪ್ಪಟೆ ಬ್ರಶ್ಶೂ ಆ ಶತಮಾನದ್ದೇ, ನೀರಿನ ಮೇಲಿನ ಆ ಚೌಕ ಚೌಕ ತುಂಡು ಬೀಳೋದು ಚಪ್ಪಟೆ ಬ್ರಶ್ಶಿಂದಾನೇ.

ಈಗ ಕೈ ವಿಷಯ. ರೆನ್ವಾ 1875ರ ಸುಮಾರಿಗೆ ಬರೆದ 'ಲಾ ಯೋಲ್' ಅನ್ನೋ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ನೆಟ್‌ನಲ್ಲಿ ದೊಡ್ಡದಾಗೇ ಸಿಗುತ್ತೆ, ನಿಮ್ಮ ಪಾಠಕ್ಕೆ ಅದಕ್ಕಿಂತ ಒಳ್ಳೆ ಪುಸ್ತಕ ಬೇಡ. ಇಬ್ಬರು ಹೆಂಗಸರು ಕೂತಿರೋ ಉದ್ದನೆ ಕಿತ್ತಳೆ ದೋಣಿ, ಸುತ್ತ ನೀಲಿ ನೀರು, ಹಿಂದೆ ರೈಲ್ವೆ ಸೇತುವೆ. ಗ್ಯಾಲರಿಯವರು ಅದರ ಬಣ್ಣಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ದಾರೆ. ಕಪ್ಪು ಇಲ್ಲ. ಕಂದು, ಕಾವಿ ಥರದ ಮಣ್ಣಿನ ಬಣ್ಣನೂ ಇಲ್ಲ. ಬಿಳಿ ಬಿಟ್ರೆ ಕೋಬಾಲ್ಟ್ ನೀಲಿ, ವಿರಿಡಿಯನ್, ಕ್ರೋಮ್ ಕಿತ್ತಳೆ, ಎರಡು ಥರ ಹಳದಿ, ಕೆಂಪು, ಅಷ್ಟರಲ್ಲೇ ಮುಗಿಸಿದ್ದಾನೆ. ದೋಣಿಯ ಕಿತ್ತಳೆ ನೀಲಿ ಪಕ್ಕ ಬಂದು ಕೂತಾಗ ಎರಡೂ ಒಂದನ್ನೊಂದು ಜೋರು ಮಾಡ್ತವೆ. ಇದು ರೆನ್ವಾ ಕಂಡುಹಿಡಿದಿದ್ದಲ್ಲ, ಶೆವ್ರಲ್ ಅನ್ನೋ ಕೆಮಿಸ್ಟ್ 1839ರಲ್ಲೇ ದೊಡ್ಡ ಪುಸ್ತಕ ಬರೆದು ಹೇಳಿದ್ದು, ಒಂದು ಬಣ್ಣ ಹೇಗೆ ಕಾಣುತ್ತೆ ಅನ್ನೋದು ಪಕ್ಕದ ಬಣ್ಣದ ಮೇಲೆ ನಿಂತಿದೆ ಅಂತ.

ನಿಮ್ಮ ನೀರು ಕೆಸರಾಗೋದಕ್ಕೆ ಬಹುಶಃ ಕಾರಣ ಇದು: ನೀಲಿ ಹಾಕ್ತೀರಿ, ಅದು ಹಸಿ ಇರುವಾಗಲೇ ಮನೆ ನೆರಳಿನ ಕಿತ್ತಳೆ ಹಾಕ್ತೀರಿ, ಸರಿ ಕಾಣ್ಲಿಲ್ಲ ಅಂತ ಬ್ರಶ್ಶಲ್ಲಿ ಉಜ್ಜುತೀರಿ. ನೀಲಿ ಕಿತ್ತಳೆ ಪಕ್ಕದಲ್ಲಿದ್ರೆ ಹೊಳೆಯುತ್ತೆ, ಬೆರೆತ್ರೆ ಬೂದಿ. ಉಜ್ಜಬೇಡಿ. ಬ್ರಶ್ ತುಂಬ ಬಣ್ಣ ತಗೊಳ್ಳಿ, ಅಡ್ಡಕ್ಕೆ ಒಂದು ಸಲ ಇಡಿ, ಕೈ ತೆಗೀರಿ, ಬ್ರಶ್ ಒರೆಸಿ, ಆಮೇಲೆ ಮುಂದಿನದು. ತಪ್ಪಾಗಿದ್ರೆ ಚಾಕುನಲ್ಲಿ ಕೆರೆದು ಮತ್ತೆ ಇಡಿ. ಕ್ಯಾನ್ವಾಸಿಗೆ ಮೊದಲು ಗಾಢ ಕಂದು ಬಳಿಯೋ ಅಭ್ಯಾಸ ಇದ್ರೆ ಬಿಡಿ, ಇವರು ಹೆಚ್ಚಾಗಿ ಕೆನೆ ಬಣ್ಣ ಅಥವಾ ತಿಳಿ ಬೂದು ಬಣ್ಣದ ತಳದ ಮೇಲೆ ಶುರು ಮಾಡ್ತಿದ್ರು. ಇನ್ನೊಂದು, ಬಿಳಿ ಹಾಯಿಯ ನೆರಳು ಹಾಯಿಗಿಂತ ಒಂದು ಚೂರು ಕಪ್ಪಗಿರುತ್ತೆ, ಕಪ್ಪು ದೋಣಿಯ ನೆರಳು ದೋಣಿಗಿಂತ ಒಂದು ಚೂರು ತಿಳಿ. ಮೇಲೂ ಕೆಳಗೂ ಒಂದೇ ಬಿಳಿ ಹಾಕಿದ್ರೆ ನೀರು ನೀರಾಗಲ್ಲ.

ಕಪ್ಪು ಮುಟ್ಟಲೇಬಾರದು ಅಂತ ಕ್ಲಾಸಲ್ಲಿ ಯಾರಾದ್ರೂ ಹೇಳಿದ್ರೆ ಮಾತ್ರ ತಲೆ ಕೆಡಿಸ್ಕೋಬೇಡಿ. ಇದೇ ರೆನ್ವಾ 1874ರಲ್ಲಿ 'ಲಾ ಲೋಜ್' ಅನ್ನೋ ಚಿತ್ರದಲ್ಲಿ ಹೆಂಗಸಿನ ಬಟ್ಟೆಗೆ ಧಾರಾಳವಾಗಿ ಕಪ್ಪು ಪಟ್ಟೆ ಎಳೆದಿದ್ದಾನೆ, ಭರ್ಜರಿಯಾಗಿದೆ.

ಪ್ರಶ್ನೆ: ಮಾನೆ, ಮೊನೆ ಒಬ್ಬರೇನಾ?

ಉತ್ತರ: ಅಲ್ಲ. ಎದುವಾರ್ ಮಾನೆ 1832ರಲ್ಲಿ ಹುಟ್ಟಿದವ, ಕ್ಲೋಡ್ ಮೊನೆ 1840ರಲ್ಲಿ. ಪ್ಯಾರಿಸ್ಸಿನವರೇ ಗೊಂದಲ ಮಾಡ್ಕೊಂಡಿದ್ರು, ನಿಮ್ಮದೇನೂ ತಪ್ಪಿಲ್ಲ. ಮಾನೆ ಅರ್ಜಾಂತೈಗೆ ಬಂದು ಬರೆದ ಒಂದು ದೋಣಿ ಚಿತ್ರನ 1875ರ ಸರ್ಕಾರಿ ಪ್ರದರ್ಶನಕ್ಕೆ ಕಳಿಸಿದ್ದ, ವಿಮರ್ಶಕರು ನದಿ ಇಷ್ಟೊಂದು ನೀಲಿ ಇರುತ್ತಾ ಅಂತ ಚೆನ್ನಾಗಿ ಗೇಲಿ ಮಾಡಿದ್ರು. ಅದು ಈಗ ಬೆಲ್ಜಿಯಂನ ತೂರ್ನೆ ಊರಲ್ಲಿದೆ.

ಪ್ರಶ್ನೆ: ಗೇಲಿ ಮಾಡಿದವರ ಮಾತಲ್ಲಿ ಅರ್ಥ ಇಲ್ವಾ? ಅಷ್ಟು ದೊಡ್ಡ ನಗರದ ಪಕ್ಕದ ನದಿ ನಿಜವಾಗ್ಲೂ ಇಷ್ಟು ಚೊಕ್ಕಟ ಇತ್ತಾ? ನನಗೇನೋ ಇದು ಸುಳ್ಳು ಅನ್ಸುತ್ತೆ.

ಉತ್ತರ: ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟ ಆದ ಪ್ರಶ್ನೆ ಇದು. ಚೊಕ್ಕಟ ಇರ್ಲಿಲ್ಲ. ಪ್ಯಾರಿಸ್ಸಿನ ಒಳಚರಂಡಿಯ ದೊಡ್ಡ ಕಾಲುವೆ ನದಿಗೆ ಬಂದು ಬೀಳ್ತಿದ್ದಿದ್ದು ಆನಿಯೇರ್, ಕ್ಲಿಶಿ ಹತ್ತಿರ. ನದಿ ಅಲ್ಲಿಂದ ಹರಿದು ಮುಂದೆ ಬರೋದು ಅರ್ಜಾಂತೈಗೆ. ಮೊನೆ ಅಲ್ಲಿದ್ದ ವರ್ಷಗಳಲ್ಲೇ ಬೇಸಿಗೆ ನಾತದ ಬಗ್ಗೆ ದಡದ ಜನ ದೂರ್ತಾ ಇದ್ರು. ಊರಲ್ಲಿ ಕಾರ್ಖಾನೆಗಳಿದ್ವು, ಚಿಮಣಿ ಇದ್ವು, ಮೊನೆಯ ಕೆಲವು ಚಿತ್ರದಲ್ಲಿ ಅವು ದೂರದಲ್ಲಿ ಕಾಣಿಸ್ಕೊಳ್ಳುತ್ವೆ, ರೈಲ್ವೆ ಸೇತುವೆ ಅಂತೂ ಅವನೇ ಖುಷಿಯಿಂದ ಬರೆದಿದ್ದಾನೆ, ಹೊಗೆ ಬಿಡೋ ರೈಲಿನ ಸಮೇತ. ಆದ್ರೆ ನಾವು ಹಾಕಿದ ಚಿತ್ರದಲ್ಲಿ ಅದ್ಯಾವುದೂ ಇಲ್ಲ.

ಅಷ್ಟೇ ಅಲ್ಲ. 1870-71ರಲ್ಲಿ ಪ್ರಷ್ಯಾ ಜೊತೆ ಯುದ್ಧ ಆಗಿ ಫ್ರಾನ್ಸ್ ಸೋತಿತ್ತು, ಅರ್ಜಾಂತೈ ಸೇತುವೆಗಳು ಆ ಗಲಾಟೆಯಲ್ಲೇ ಉರುಳಿದ್ವು. ಮೊನೆ ಯುದ್ಧದ ಹೊತ್ತಲ್ಲಿ ಲಂಡನ್ನಿಗೆ ಹೋಗಿದ್ದ, ಹಾಲೆಂಡ್ ಮೇಲೆ ವಾಪಸ್ ಬಂದ. ಅವನು ಬಂದಾಗ ಸೇತುವೆ ರಿಪೇರಿ ನಡೀತಿತ್ತು. ಮರದ ಅಟ್ಟಣಿಗೆ ಕಟ್ಟಿದ ಆ ಮುರಿದ ಸೇತುವೆಯನ್ನೂ 1872ರಲ್ಲಿ ಬರೆದಿದ್ದಾನೆ. ಅಂದ್ರೆ ಅವನಿಗೆ ಕಣ್ಣಿಗೆ ಬೀಳ್ತಿರ್ಲಿಲ್ಲ ಅಂತಲ್ಲ. ಒಂದು ದಿನ ಮುಖ ಆ ಕಡೆ ತಿರುಗಿಸಿ ಸೇತುವೆ ಬರೀತಿದ್ದ, ಇನ್ನೊಂದು ದಿನ ಈ ಕಡೆ ತಿರುಗಿಸಿ ಹಾಯಿ ಬರೀತಿದ್ದ.

ಹಾಗಾಗಿ ಸುಳ್ಳು ಅನ್ನೋಕೆ ನಾನು ಒಪ್ಪಲ್ಲ. ಆದ್ರೆ ಇಂಪ್ರೆಷನಿಸ್ಟರು ಕಂಡಿದ್ದನ್ನ ಕಂಡ ಹಾಗೇ ಬರೆದ್ರು ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಆ ಮಾತು ಅರ್ಧ ಮಾತ್ರ ನಿಜ. ಬೆಳಕಿನ ವಿಷಯದಲ್ಲಿ ಕಟ್ಟುನಿಟ್ಟು. ಎಲ್ಲಿ ನಿಲ್ಲಬೇಕು, ಯಾವ ಕಡೆ ನೋಡಬೇಕು ಅನ್ನೋದ್ರಲ್ಲಿ ಪೂರ್ತಿ ಅವರಿಷ್ಟ. ಅದೇ ಗುಂಪಿನ ಗಿಯೊಮ್ಯಾಂ ಏನು ಮಾಡಿದ ನೋಡಿ, ಅವನೂ ಸೇನ್ ನದಿಯವನೇ, ಪ್ಯಾರಿಸ್ಸಿನ ಇನ್ನೊಂದು ಬದಿಯ ಇವ್ರಿ ಅನ್ನೋ ಕಡೆ ಸೂರ್ಯ ಮುಳುಗೋದನ್ನ ಬರೆದ, ಆಕಾಶದ ತುಂಬ ಕಾರ್ಖಾನೆ ಹೊಗೆ. 1874ರ ಇವರ ಮೊದಲ ಪ್ರದರ್ಶನದಲ್ಲೇ ಅದು ಗೋಡೆ ಮೇಲಿತ್ತು. ಸಿಸ್ಲಿ 1876ರಲ್ಲಿ ಪೋರ್ ಮಾರ್ಲಿ ಊರಿಗೆ ಪ್ರವಾಹ ಬಂದಾಗ ಬೀದಿಯಲ್ಲಿ ದೋಣಿ ಓಡಾಡೋದನ್ನ ಬರೆದ, ದುಃಖ ಗಿಃಖ ಏನೂ ಇಲ್ಲ, ಹೆಂಡದಂಗಡಿ ಗೋಡೆ ಬುಡದಲ್ಲಿ ನೀರು ನಿಂತಿದೆ, ಮೇಲೆ ಮೋಡ, ಅಷ್ಟು ಚೆಂದದ ಪ್ರವಾಹ ನೋಡಿದ್ರೆ ಒಂಥರಾ ಕಸಿವಿಸಿ ಆಗುತ್ತೆ. ನನಗೆ ಮೊನೆಯ ದೋಣಿಗಿಂತ ಸಿಸ್ಲಿಯ ಆ ಪ್ರವಾಹದ ದೋಣಿನೇ ಜಾಸ್ತಿ ಇಷ್ಟ, ಇದು ಬರೀ ನನ್ನ ರುಚಿ, ವಾದಕ್ಕೆ ಬರಬೇಡಿ.

ಪ್ರಶ್ನೆ: ಇವರು ಬದುಕಿದ್ದಾಗ ಚಿತ್ರಗಳನ್ನ ಯಾರೂ ಕೊಳ್ಳಲಿಲ್ಲ, ಹಸಿದು ಸತ್ರು, ಈಗ ಕೋಟಿ ಕೋಟಿ. ಇದೇ ಕಥೆ ಅಲ್ವಾ?

ಉತ್ತರ: ಅಷ್ಟು ಸರಳ ಇಲ್ಲ. ಮೊನೆ ಅರ್ಜಾಂತೈಗೆ ಬಂದ ಶುರುವಿನ ಎರಡು ವರ್ಷ ಚೆನ್ನಾಗೇ ದುಡಿದ, ದ್ಯುರಾಂ ರ‍್ಯುಯೆಲ್ ಅನ್ನೋ ಚಿತ್ರ ವ್ಯಾಪಾರಿ ಸಾಲಾಗಿ ಕೊಳ್ತಿದ್ದ. 1874ರಲ್ಲಿ ಆ ವ್ಯಾಪಾರಿಗೇ ದುಡ್ಡಿನ ಬಿಕ್ಕಟ್ಟು ಬಂತು, ಅಲ್ಲಿಂದ ಮೊನೆಗೆ ಕಷ್ಟ. 1875ರಲ್ಲಿ ಮೊನೆ, ರೆನ್ವಾ, ಸಿಸ್ಲಿ, ಬೆರ್ತ್ ಮೊರಿಸೊ ಸೇರಿ ಹರಾಜು ಹಾಕಿದ್ರು, ಜನ ಗಲಾಟೆ ಮಾಡಿ ಪೊಲೀಸರು ಬರಬೇಕಾಯ್ತು, ಬೆಲೆನೂ ಹುಟ್ಟಲಿಲ್ಲ. ಮೊನೆ ಮುಂದೆ ಶ್ರೀಮಂತನಾಗೇ ಸತ್ತ, 1926ರಲ್ಲಿ. ಬಡತನದಲ್ಲೇ ಹೋದವನು ಸಿಸ್ಲಿ, 1899ರಲ್ಲಿ.

ನಡುವೆ ಇವರನ್ನ ಎತ್ತಿ ಹಿಡಿದವನು ಗುಸ್ತಾವ್ ಕಾಯ್ಬೋತ್. ಶ್ರೀಮಂತ ಮನೆ ಹುಡುಗ, ತಾನೇ ಒಳ್ಳೆ ಚಿತ್ರಕಾರ, ಮೇಲಾಗಿ ದೋಣಿ ಹುಚ್ಚ. ಪಂದ್ಯದ ದೋಣಿಗಳನ್ನ ತಾನೇ ಡಿಸೈನ್ ಮಾಡ್ತಿದ್ದ, ಅರ್ಜಾಂತೈ ಎದುರು ದಡದ ಪೆತಿ ಜೆನ್‌ವಿಲಿಯೇಯಲ್ಲಿ ಜಾಗ ತಗೊಂಡು ಮನೆ ಮಾಡಿದ. ಮೊನೆಗೆ ದೋಣಿ ಅಂದ್ರೆ ಬಣ್ಣ, ಇವನಿಗೆ ದೋಣಿ ಅಂದ್ರೆ ದೋಣಿ. ಇವನು ಬರೆದ ಚಿತ್ರಗಳಲ್ಲಿ ಹುಟ್ಟು ಹಾಕೋನ ಕೈ ಬಿಗಿ, ಮೊಣಕಾಲು, ದೋಣಿಯ ಒಳಗಿನ ಹಲಗೆ ಎಲ್ಲ ಸರಿಯಾಗಿ ಕೂತಿರುತ್ತೆ. ಗೆಳೆಯರ ಚಿತ್ರಗಳನ್ನ ಕೊಂಡು ಕೊಂಡು 60ಕ್ಕೂ ಹೆಚ್ಚು ಇಟ್ಕೊಂಡಿದ್ದ, 1894ರಲ್ಲಿ 45ನೇ ವಯಸ್ಸಿಗೆ ತೀರ್ಕೊಂಡಾಗ ಎಲ್ಲಾನೂ ಸರ್ಕಾರಕ್ಕೆ ಬರೆದಿಟ್ಟಿದ್ದ. ಸರ್ಕಾರದವರು ಬೇಕೋ ಬೇಡವೋ ಅಂತ ಎಳೆದಾಡಿ ಕೊನೆಗೆ ಸುಮಾರು 40 ತಗೊಂಡ್ರು. ಹೌದು, ಪುಗಸಟ್ಟೆ ಕೊಟ್ಟಿದ್ರಲ್ಲೂ ಆರಿಸ್ಕೊಂಡ್ರು. ನಮ್ಮ ರಕ್ಷಾಪುಟದ ಚಿತ್ರ ಆ 40ರಲ್ಲಿ ಒಂದು, ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಕಾಯ್ಬೋತ್ ಬರೆದ 'ದೋಣಿ ವಿಹಾರ' ಅನ್ನೋ ಚಿತ್ರನ 2023ರಲ್ಲಿ ಅದೇ ಮ್ಯೂಸಿಯಂಗೆ ತರೋಕೆ 4.3 ಕೋಟಿ ಯೂರೋ ಬೇಕಾಯ್ತು, ಒಂದು ದೊಡ್ಡ ಕಂಪನಿ ದುಡ್ಡು ಕೊಡ್ತು.

ಪ್ರಶ್ನೆ: ರಕ್ಷಾಪುಟದ ಆ ದೋಣಿ ಚಿತ್ರನ ಪ್ರಿಂಟ್ ಹಾಕ್ಸಿ ಹಾಲ್ ಗೋಡೆ ತುಂಬ ಫ್ರೇಮ್ ಮಾಡಿಸ್ಬೇಕು ಅಂತಿದೀನಿ. ಎಷ್ಟು ದೊಡ್ಡದು ಮಾಡಿಸ್ಲಿ?

ಉತ್ತರ: ಗೋಡೆ ತುಂಬ ಬೇಡ. ಮೂಲ ಚಿತ್ರ ಬರೀ 48 ಸೆಂಟಿಮೀಟರ್ ಎತ್ತರ, 75 ಅಗಲ, ಮೊನೆ ಆ ತುಂಡುಗಳ ಸೈಜ್ ಇಟ್ಟಿದ್ದು ಅಷ್ಟು ಕ್ಯಾನ್ವಾಸಿಗೆ, ಅದನ್ನ ಎರಡು ಮೂರು ಹೆಜ್ಜೆ ಹಿಂದೆ ನಿಂತು ನೋಡೋ ಲೆಕ್ಕಕ್ಕೆ. ನಾಲ್ಕು ಪಟ್ಟು ದೊಡ್ಡದು ಮಾಡಿದ್ರೆ ಒಂದೊಂದು ತುಂಡೂ ಅಂಗೈ ಅಗಲ ಆಗುತ್ತೆ, ನಿಮ್ಮ ಹಾಲಲ್ಲಿ ಅಷ್ಟು ಹಿಂದೆ ಸರಿಯೋಕೆ ಜಾಗ ಇರಲ್ಲ, ಆಗ ಮೊದಲ ಪ್ರಶ್ನೆ ಕೇಳಿದವರು ಹೇಳಿದ ಹಾಗೇ ಕಾಣುತ್ತೆ. ಇದ್ದಷ್ಟೇ ಸೈಜಲ್ಲಿ ಮಾಡಿಸಿ. ಗ್ಲಾಸಿ ಪೇಪರ್ ಬೇಡ ಅನ್ನಿ, ಮ್ಯಾಟ್ ಹಾಕ್ಸಿ, ಇಲ್ದಿದ್ರೆ ಟ್ಯೂಬ್‌ಲೈಟ್ ಬೇರೆ ಆ ನೀರಲ್ಲಿ ಕಾಣ್ಸುತ್ತೆ. ಫೈಲನ್ನ ಯಾವುದೋ ವಾಲ್‌ಪೇಪರ್ ಸೈಟಿಂದ ತಗೋಬೇಡಿ, ಅಲ್ಲಿ ನೀಲಿನ ಬೇಕಂತಲೇ ಏರಿಸಿರ್ತಾರೆ. ಓರ್ಸೆ ಮ್ಯೂಸಿಯಂ ಸೈಟಲ್ಲಿರೋದನ್ನ ಪಕ್ಕ ಇಟ್ಕೊಂಡು ಹೋಲಿಸಿ ನೋಡಿ, ಪ್ರಿಂಟ್‌ನವರ ಹತ್ರ ಒಂದು ಚಿಕ್ಕ ಸ್ಯಾಂಪಲ್ ಮೊದಲು ಹಾಕಿಸ್ಕೊಳ್ಳಿ.